ಚಿಗುರಿದ ಖರ್ಚು

ಮರಿಗಳಿಗೆ ಉಳಿತಾಯ ಕಲಿಸಲೆಂದು ಕಾಡಿನ ಸರ್ಕಾರ ಅಳಿಲು ಟೀಚರಿಗೆ ಒಂದು ಮೂಟೆ ಕಡಲೆಕಾಯಿ ಅನುದಾನ ಕೊಟ್ಟಿತ್ತು. ಮಾರ್ಚ್ ಕೊನೆಗೆ ಕಾಗೆ ಸಾಹೇಬರು ತಪಾಸಣೆಗೆ ಬಂದರು.

"ಅರ್ಧ ಮೂಟೆಗಷ್ಟೇ ರಸೀದಿ ಇದೆ. ಇನ್ನರ್ಧ ಎಲ್ಲಿದೆಯಮ್ಮ?"

"ಮುಂದಿನ ವರ್ಷಕ್ಕೆ ಉಳಿಸಿದ್ದೇವೆ, ಸಾರ್. ಮಕ್ಕಳೇ ಹೂತಿಟ್ಟಿದ್ದಾರೆ," ಎಂದರು ಟೀಚರು ಹೆಮ್ಮೆಯಿಂದ.

"ಅಯ್ಯೋ ತಾಯಿ, ಅನುದಾನ ಉಳಿಸುವ ಹಾಗಿಲ್ಲ! ಖರ್ಚಾಗದ್ದನ್ನು ಇವತ್ತೇ ವಾಪಸು ಕಟ್ಟಿ."

ಟೀಚರು ಮರಿಗಳತ್ತ ತಿರುಗಿದರು. "ಎಲ್ಲಿ ಹೂತಿರಿ, ಮಕ್ಕಳೇ?"

ಮರಿಗಳು ಅಂಗಳವೆಲ್ಲ ಕೆದಕಿ, ಮುಖ ಮುಖ ನೋಡಿಕೊಂಡವು. ಒಂದಕ್ಕೂ ನೆನಪಿಲ್ಲ.

ಸಾಹೇಬರು ನಗು ನುಂಗಿಕೊಂಡು "ಪೂರ್ತಿ ಖರ್ಚಾಗಿದೆ" ಎಂದು ಷರಾ ಬರೆದು ಹಾರಿದರು.

ಮುಂಗಾರಿನಲ್ಲಿ ಮತ್ತೆ ಬಂದು ನೋಡಿದರೆ ಅಂಗಳದ ತುಂಬ ಕಡಲೆಕಾಯಿ ಗಿಡ. "ಇದೇನಮ್ಮ ಇದು?"

"ನೀವು ಬರೆದಿದ್ದ ಖರ್ಚೇ, ಸಾರ್," ಎಂದರು ಟೀಚರು. "ಚಿಗುರಿಬಿಟ್ಟಿದೆ."