ಹುಣಸೆಬೀಜದ ಗುರುತು

"ಗುರುಗಳೇ, ನಮ್ಮ ಪಾಠಶಾಲೆ ಯಾವ ದರ್ಜೆಯದು?" ಎಂದು ಕೊಟ್ರಯ್ಯ ಕೇಳಿದ.

ಅವನ ಹನ್ನೆರಡು ವರ್ಷದ ಓದು ಮುಗಿದಿತ್ತು. ಮರುದಿನ ಪಟ್ಟಣಕ್ಕೆ ಹೊರಡಬೇಕು. ಅಲ್ಲಿ ಯಾರ ಬಾಗಿಲಿಗೆ ಹೋದರೂ ಮೊದಲು ಕೇಳುವುದು ಓದಿದ ಶಾಲೆಯ ದರ್ಜೆಯನ್ನು ಎಂದು ಹೋಗಿಬಂದವರು ಹೇಳಿದ್ದರು. ಉತ್ತಮವೆಂದರೆ ಒಳಗೆ ಕರೆಯುತ್ತಾರೆ, ಕನಿಷ್ಠವೆಂದರೆ ಹಾಗೆಯೇ ಕಳಿಸುತ್ತಾರೆ. ಆ ಚಿಂತೆಯಲ್ಲಿ ಅವನಿಗೆ ಎರಡು ದಿನದಿಂದ ಅನ್ನ ಸೇರುತ್ತಿರಲಿಲ್ಲ.

ಗುರುಗಳು ನಕ್ಕರು. "ಕೂತುಕೋ" ಎಂದು ಕತೆ ಹೇಳತೊಡಗಿದರು.

ಒಬ್ಬ ಅರಸನಿದ್ದ. ನಾಡಿನ ಶಾಲೆಗಳನ್ನೆಲ್ಲ ಉತ್ತಮ, ಮಧ್ಯಮ, ಕನಿಷ್ಠ ಎಂದು ವಿಂಗಡಿಸಿ ಪಟ್ಟಿ ತರುವಂತೆ ಒಬ್ಬ ಅಧಿಕಾರಿಗೆ ಅಪ್ಪಣೆ ಮಾಡಿದ. ಉತ್ತಮ ಶಾಲೆಗಳಿಗೆ ಭೂಮಿ ಕೊಡುವುದು, ಕನಿಷ್ಠ ಶಾಲೆಗಳನ್ನು ಮುಚ್ಚಿಸುವುದು ಅರಸನ ಯೋಚನೆ. ಅಧಿಕಾರಿ ಕೆಲಸದಲ್ಲಿ ಗಟ್ಟಿಗ. ಕಣ್ಣಿಗೆ ಕಂಡದ್ದನ್ನು ಬಿಟ್ಟು ಬೇರೇನನ್ನೂ ನಂಬುವವನಲ್ಲ. ಕಂಬ ಎಷ್ಟು, ಕೋಣೆ ಎಷ್ಟು, ಶಿಷ್ಯರು ಎಷ್ಟು ಎಂದು ಎಣಿಸುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ ಓಲೆಗರಿಯ ಪುಸ್ತಕಗಳನ್ನು ಎಣಿಸುತ್ತಿದ್ದ.

ಮೊದಲು ಸಿಕ್ಕಿದ್ದು ಹುಣಸೆಮರದ ಕೆಳಗಿನ ಒಂದು ಮಣ್ಣಿನ ಮನೆ. ಒಬ್ಬ ಮುದುಕ ಉಪಾಧ್ಯಾಯ, ಒಂಬತ್ತು ಜನ ಶಿಷ್ಯರು. ಗೋಡೆಯ ಉದ್ದಕ್ಕೂ ಪುಸ್ತಕ ಇಡುವ ಹಲಗೆಯಿತ್ತು. ಹಲಗೆಯ ಮೇಲೆ ಏನೂ ಇರಲಿಲ್ಲ.

"ಪುಸ್ತಕಗಳೆಲ್ಲಿ?" ಎಂದ ಅಧಿಕಾರಿ.

ಉಪಾಧ್ಯಾಯ ಒಂದು ಹುಣಸೆಬೀಜಕ್ಕೆ ತೂತು ಕೊರೆಯುತ್ತಿದ್ದ. "ಹೋದವು ಸ್ವಾಮಿ. ನಾನು ಬಾಯಲ್ಲಿ ಹೇಳುತ್ತೇನೆ, ಇವರು ಬರೆದುಕೊಳ್ಳುತ್ತಾರೆ. ಓದು ಮುಗಿದ ದಿನ ಪುಸ್ತಕದ ದಾರಕ್ಕೆ ಇಂಥದೊಂದು ಬೀಜ ಕಟ್ಟಿ ಕೈಗೆ ಕೊಡುತ್ತೇನೆ. ಯಾವ ಊರಲ್ಲಿ ನೆಲೆ ನಿಲ್ಲುತ್ತಾರೋ ಆ ಊರಿಗೆ ಅದನ್ನು ಕೊಟ್ಟುಬಿಡಬೇಕು. ನಮ್ಮ ಗುರುಗಳ ಗುರುಗಳ ಕಾಲದಿಂದ ಇದೇ ಪದ್ಧತಿ."

ಅಧಿಕಾರಿ ಮೂಗು ಮುರಿದ. "ಇದ್ದದ್ದನ್ನೆಲ್ಲ ಹಂಚಿ ಬರಿಗೈಯಲ್ಲಿ ಕೂತಿದ್ದೀರಿ. ನಾನೇನು ಬರೆದುಕೊಳ್ಳಲಿ?"

"ಕಂಡದ್ದನ್ನು ಬರೆದುಕೊಳ್ಳಿ ಸ್ವಾಮಿ."

ಅವನು ಬರೆದುಕೊಂಡ. ಪುಸ್ತಕ ಇಲ್ಲ, ದರ್ಜೆ ಕನಿಷ್ಠ.

ಅಲ್ಲಿಂದ ರಾಜಧಾನಿಯ ಮಹಾಶಾಲೆಗೆ ಹೋದ. ನೂರು ಕಂಬ, ಮೂರು ಕೋಣೆ ತುಂಬ ಪುಸ್ತಕ. ಅಧಿಕಾರಿಗೆ ಹಬ್ಬವಾಯಿತು. ಮೂರನೆಯ ದಿನ ಒಂದು ಕಟ್ಟನ್ನು ಎತ್ತಿದಾಗ ದಾರದ ತುದಿಯಲ್ಲಿ ಏನೋ ಬೆರಳಿಗೆ ತಾಗಿತು. ಹುಣಸೆಬೀಜ. ಎಲ್ಲೋ ಒಂದು ಬಂದು ಸೇರಿರಬೇಕೆಂದು ಪಕ್ಕಕ್ಕಿಟ್ಟ. ಮುಂದಿನ ಸಾಲಿನಲ್ಲಿ ಇನ್ನೊಂದು ಸಿಕ್ಕಿತು. ಸಂಜೆಯ ಹೊತ್ತಿಗೆ ನಲವತ್ತಾಯಿತು.

ಬೆಟ್ಟದ ಶಾಲೆಯಲ್ಲಿ ವೈದ್ಯರು ಮದ್ದಿಗಾಗಿ ತೆರೆದು ನೋಡುತ್ತಿದ್ದ ಪುಸ್ತಕಕ್ಕೆ ಅದೇ ಬೀಜ. ಹೊಳೆದಂಡೆಯ ಶಾಲೆಯಲ್ಲಿ ಕೆರೆ ಕಟ್ಟುವವರು ಲೆಕ್ಕ ಕಲಿಯುತ್ತಿದ್ದ ಪುಸ್ತಕಕ್ಕೂ ಅದೇ. ಈಗ ಅವನು ಪುಸ್ತಕ ನೋಡುವ ಮೊದಲು ದಾರ ನೋಡುತ್ತಿದ್ದ. ನಾಡಿನ ಗಡಿಯ ಕೊನೆಯ ಶಾಲೆಯಲ್ಲಿ ಒಬ್ಬ ಹೆಂಗಸು ಪಾಠ ಹೇಳುತ್ತಿದ್ದಳು. ಅಲ್ಲಿ ಇದ್ದದ್ದು ಒಂದೇ ಪುಸ್ತಕ. ಬಿಚ್ಚುವ ಮುಂಚೆ ಅವಳು ದಾರದ ಬೀಜವನ್ನು ಕಣ್ಣಿಗೊತ್ತಿಕೊಂಡಳು. ಮುಟ್ಟಿ ಮುಟ್ಟಿ ಅದು ನುಣುಪಾಗಿತ್ತು.

"ಇದು ಎಲ್ಲಿಂದ ಬಂತಮ್ಮಾ?"

"ಗೊತ್ತಿಲ್ಲಪ್ಪ. ನಮ್ಮಜ್ಜಿಯ ಕಾಲಕ್ಕೂ ಇತ್ತು. ಇದು ಬಂದ ಮೇಲೇ ನಮ್ಮೂರಲ್ಲಿ ಶಾಲೆಯಾಯಿತಂತೆ."

ಅಧಿಕಾರಿಯ ಮೈ ಜುಮ್ಮೆಂದಿತು. ಇಷ್ಟು ತಿಂಗಳು ಊರೂರಿನಲ್ಲಿ ತಾನು ಎಣಿಸಿದ್ದು ಮುದುಕ ಉಪಾಧ್ಯಾಯನ ಆ ಬರಿ ಹಲಗೆಯಿಂದ ಹೋದ ಪುಸ್ತಕಗಳನ್ನೇ ಎಂದು ಅವನಿಗೆ ಹೊಳೆಯಿತು. ಇಷ್ಟು ದೊಡ್ಡ ಶಾಲೆಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಅದರ ಬಾಗಿಲಲ್ಲಿ ನಿಂತು ಮೂಗು ಮುರಿದು ಬಂದಿದ್ದ. ನಾಚಿಕೆಗಿಂತ ಬೆರಗೇ ಹೆಚ್ಚಾಯಿತು. ಹುಣಸೆಮರವಿದ್ದ ದಿಕ್ಕಿಗೆ ತಿರುಗಿ ಬೀದಿಯ ನಡುವೆಯೇ ಕೈಮುಗಿದ.

ಪಟ್ಟಿ ಅರಸನ ಕೈ ಸೇರಿತು. ಅದರಲ್ಲಿ ಒಂದು ಶಾಲೆಯ ಮುಂದೆ ಬರೆದದ್ದನ್ನು ಅಳಿಸಲಾಗಿತ್ತು. "ಇದೊಂದಕ್ಕೆ ದರ್ಜೆ ಯಾಕಿಲ್ಲ?" ಎಂದು ಅರಸ ಕೇಳಿದ.

"ಪ್ರಭು, ಉಳಿದವನ್ನೆಲ್ಲ ಎಣಿಸಿ ಮುಗಿಸಿದೆ. ಈ ಶಾಲೆಯ ಎಣಿಕೆ ಇನ್ನೂ ಮುಗಿದಿಲ್ಲ. ಅಪ್ಪಣೆಯಾದರೆ ಮತ್ತೆ ಹೊರಡುತ್ತೇನೆ."

ಎಣಿಕೆ ಮುಗಿಯದ ಶಾಲೆಯನ್ನು ಮುಚ್ಚಿಸುವಂತಿರಲಿಲ್ಲ. ಅಧಿಕಾರಿ ಊರೂರು ತಿರುಗುತ್ತಲೇ ಮುದುಕನಾದ. ವರ್ಷಕ್ಕೊಮ್ಮೆ ಅರಮನೆಗೆ ಬಂದು, ಇನ್ನೂ ಮುಗಿದಿಲ್ಲ ಎಂದು ಸಂತೋಷದಿಂದ ಹೇಳಿ ಹೋಗುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಯ್ಯ, "ಅದು ಸರಿ ಗುರುಗಳೇ. ಆದರೆ ನಾಳೆ ಕೇಳಿದವರಿಗೆ ನಾನು ಏನು ಹೇಳಲಿ? ನಮ್ಮದು ಯಾವ ದರ್ಜೆ?" ಎಂದ.

"ನಾಳೆ ನೀನು ಹೊರಟ ಮೇಲೆ ತಾನೇ ಮಗು, ನಮ್ಮ ಶಾಲೆಯ ಎಣಿಕೆ ಶುರುವಾಗುವುದು?" ಎಂದರು ಗುರುಗಳು.

ಅಂದು ರಾತ್ರಿ ಕೊಟ್ರಯ್ಯ ಹೊಟ್ಟೆ ತುಂಬ ಉಂಡ.