ಕುಡುಗೋಲಮ್ಮನ ಗಾಯಕ್ಕೆ ಬೆಣ್ಣೆ

ನಮ್ಮೂರ ಗುಡಿಯ ದೇವತೆ ಕುಡುಗೋಲಮ್ಮನ ಹಣೆಯ ಮೇಲೊಂದು ಗಾಯದ ಗೆರೆಯಿದೆ. ಹಿಂದೆ ಹುಲ್ಲು ಕೊಯ್ಯುವ ಹೆಂಗಸೊಬ್ಬಳ ಕುಡುಗೋಲು ತಾಗಿ ಕಲ್ಲಿನಿಂದ ರಕ್ತ ಚಿಮ್ಮಿತಂತೆ. ಅವಳು ಗಾಯಕ್ಕೆ ಬೆಣ್ಣೆ ಮೆತ್ತಿ, ಆ ಕಲ್ಲನ್ನು ಬಿದಿರಿನ ಮಂಕರಿಯಲ್ಲಿ ಹೊತ್ತು ಊರಿಗೆ ತಂದಳಂತೆ. ಅಂದಿನಿಂದ ದಿನಾ ಬೆಳಗಿನ ಪೂಜೆಗೆ ಮೊದಲು ಅವಳ ವಂಶದ ಹೆಣ್ಣೇ ಗಾಯಕ್ಕೆ ಬೆಣ್ಣೆ ಹಚ್ಚಬೇಕು. ಈಗ ಆ ಕೆಲಸ ನಿಂಗಾಜಮ್ಮನದು.

ಗುಡಿಗೆ ಪರಮಶಿವಯ್ಯ ಹೊಸ ಅಧ್ಯಕ್ಷರಾದರು. ಮೂರನೇ ದಿನವೇ, ಬೆಣ್ಣೆ ಹಿಡಿದು ಬಂದ ನಿಂಗಾಜಮ್ಮನಿಗೆ ಬಾಗಿಲಲ್ಲಿ ಅಡ್ಡ ನಿಂತರು.

"ಅಲ್ಲೇ ನಿಲ್ಲೇ! ನಿಮ್ಮ ಜನ ಮುಟ್ಟಿದ್ದು ಯಾವುದೂ ಇನ್ನು ಗುಡಿಯೊಳಗೆ ಇರಕೂಡದು."

ಸುತ್ತ ನೆರೆದದ್ದು ಆ ಬೆಣ್ಣೆಯ ಪ್ರಸಾದ ನೆಕ್ಕಿ ಬೆಳೆದ ಊರು! ಒಬ್ಬನಾದರೂ ಬಾಯಿ ಬಿಡಬಾರದೇ? ನಿಂಗಾಜಮ್ಮನ ಅವ್ವ, ಅಜ್ಜಿ ತುಳಿದು ಸವೆಸಿದ ಹೊಸ್ತಿಲು ಅದು. ಆದರೆ ಅವಳು ಅಳಲಿಲ್ಲ. ಮನೆಗೆ ಹೋಗಿ ದೊಡ್ಡ ಮಂಕರಿ ತಂದಳು.

"ಇದೇನೇ?"

"ನೀವೇ ಅಂದ್ರಲ್ಲ ಬುದ್ಧೀ, ನಾವು ಮುಟ್ಟಿದ್ದು ಇರಕೂಡದು ಅಂತ. ಅಮ್ಮನ್ನ ಮೊದಲು ಮುಟ್ಟಿದ್ದೇ ನಮ್ಮ ವಂಶದ ಹಿರಿಯಜ್ಜಿ. ಎತ್ತಿ ಇದರಲ್ಲಿಡಿ, ಮನೆಗೆ ಹೊತ್ಕೊಂಡು ಹೋಗ್ತೀನಿ."

ಅಧ್ಯಕ್ಷರು ಪೂಜಾರಿಯ ಕಡೆ ತಿರುಗಿದರು. "ಆ ಕತೆ ಸುಳ್ಳು ಅನ್ನಯ್ಯಾ!"

ಪೂಜಾರಿ ಬೆವರಿದ. "ಹೆಂಗನ್ನಲಿ ಸ್ವಾಮೀ? ದಿನಾ ಮಂಗಳಾರತಿಗೆ ನಾನೇ ಹೇಳ್ತೀನಿ. ನಿನ್ನೆ ನೀವೂ ಕೈಮುಗಿದು ಕೇಳಿದ್ರಿ."

ಅಧ್ಯಕ್ಷರು ಗೋಡೆ ಹಿಡಿದು ಪಕ್ಕಕ್ಕೆ ಸರಿದರು. "ಒಳಗೆ ಹೋಗಮ್ಮ."

ನಿಂಗಾಜಮ್ಮ ಬೆಣ್ಣೆ ಹಚ್ಚಿ ಹೊರಗೆ ಬಂದಳು. ಮಂಕರಿಯನ್ನು ಮಾತ್ರ ಒಯ್ಯದೆ ಬಾಗಿಲ ಪಕ್ಕದಲ್ಲೇ ಇಟ್ಟಳು.

"ಇಲ್ಲೇ ಇರಲಿ ಬುದ್ಧೀ. ನಿಮಗೆ ಮತ್ತೆ ಮಡಿ ನೆನಪಾದ ದಿನ ಬೇಕಾಗ್ತದೆ."