ಬೇಸಿಗೆಯಲ್ಲಿ ಏರಿಯ ಮೇಲೆ ನಡೆದವನು

“ಚೆನ್ನಾಗಿ ಕಾಣುವ ಕಣ್ಣನ್ನು ಡಾಕ್ಟರಿಗೆ ಯಾಕೆ ತೋರಿಸಬೇಕು ಗುರುಗಳೇ?” ಎಂದು ಮಠದ ಅಡುಗೆಯ ಮರುಳಯ್ಯ ಕೇಳಿದ. ಅವನಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಗಿತ್ತು. ಸಕ್ಕರೆ ಕಾಯಿಲೆಯವರನ್ನು ಕಣ್ಣಿನ ತಪಾಸಣೆಗೆ ಕರೆದೊಯ್ಯುವ ವ್ಯಾನು ಮಠದ ಬಾಗಿಲಲ್ಲಿ ನಿಂತಿತ್ತು. ಒಲೆಯ ಮೇಲೆ ಬೇಳೆ ಇದೆ ಎಂದು ಅವನು ಆಗಲೇ ಒಂದು ನೆಪ ಹೇಳಿಯಾಗಿತ್ತು.

“ಪ್ರಶ್ನೆ ಕೇಳುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ, ಮಾತ್ರೆ ನುಂಗುವುದಕ್ಕೆ ಮಾತ್ರ ಸೋಮಾರಿತನ. ಕೂತುಕೋ, ವ್ಯಾನು ಸ್ವಲ್ಪ ಕಾಯಲಿ,” ಎಂದು ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೀರಗಂಟಿಯಿದ್ದ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವುದು, ಏರಿಯನ್ನು ಕಾಯುವುದು ಅವನ ಕೆಲಸ. ಪ್ರತಿ ಬೇಸಿಗೆ, ಕೆರೆ ಬತ್ತಿ ನೆಲ ಬಿರುಕು ಬಿಟ್ಟಾಗ, ಅವನು ಏರಿಯ ಉದ್ದಕ್ಕೂ ಬರಿಗಾಲಲ್ಲಿ ನಡೆಯುತ್ತಿದ್ದ. ಮಣ್ಣು ಸಡಿಲವೆನಿಸಿದಲ್ಲಿ ಕೋಲು ಚುಚ್ಚಿ ನೋಡುತ್ತಿದ್ದ. ಏಡಿಯ ಬಿಲ ಸಿಕ್ಕರೆ ಜೇಡಿಮಣ್ಣು ತುಂಬಿ ಗುದ್ದುತ್ತಿದ್ದ.

ಒಬ್ಬ ರೈತ ಅದನ್ನು ಕಂಡು ನಕ್ಕ. “ಕೆರೇಲಿ ಹನಿ ನೀರಿಲ್ಲ. ಯಾರಿಗಯ್ಯ ಈ ಕಾವಲು?”

“ನೀರು ಬಂದ ಮೇಲೆ ಬಿಲ ಹುಡುಕಿದ್ರೆ ಊರೇ ಕೊಚ್ಕೊಂಡು ಹೋಗುತ್ತೆ ಕಣಪ್ಪ,” ಎಂದ ನೀರಗಂಟಿ.

ಅವನಿಗೂ ಸಕ್ಕರೆ ಕಾಯಿಲೆಯಿತ್ತು. ಊರಿನ ಆಶಾ ಕಾರ್ಯಕರ್ತೆ ಅವನ ಮನೆಗೆ ಬಂದಳು. “ಅಣ್ಣಾ, ನಾಳೆ ವ್ಯಾನು ಬರುತ್ತೆ. ಕಣ್ಣಿಗೆ ಔಷಧಿ ಬಿಟ್ಟು ಒಳಗಡೆ ನೋಡ್ತಾರೆ. ಸಕ್ಕರೆ ಇರೋರು ವರ್ಷಕ್ಕೊಂದು ಸಲ ತೋರಿಸಲೇಬೇಕು.”

ನೀರಗಂಟಿ ದೂರಕ್ಕೆ ಕೈ ತೋರಿದ. “ಅಗೋ, ಕೋಡಿ ಕಲ್ಲಿನ ಮೇಲೆ ಓತಿಕ್ಯಾತ ತಲೆ ಆಡಿಸ್ತಿದೆ. ಅದೂ ಕಾಣ್ತಿದೆ ನಂಗೆ! ನನ್ನ ಜಾಗದಲ್ಲಿ ಪಕ್ಕದ ಮನೆ ಅಜ್ಜೀನ ಕರ್ಕೊಂಡು ಹೋಗು ತಾಯಿ. ಪಾಪ, ಪೊರೆ ಬಂದು ಅವಳಿಗೆ ಏನೂ ಕಾಣಲ್ಲ.”

ಅವನದು ದೊಡ್ಡ ಮನಸ್ಸೆಂದು ಊರವರು ಹೊಗಳಿದರು. ಅಜ್ಜಿಯ ಪೊರೆ ತೆಗೆದರು, ಅವಳಿಗೆ ಕಣ್ಣು ಬಂತು. ಮರುವರ್ಷ ನೀರಗಂಟಿ ಇನ್ನೊಬ್ಬರಿಗೆ ಜಾಗ ಬಿಟ್ಟುಕೊಟ್ಟ. ಮೂರನೆಯ ವರ್ಷವೂ ಅಷ್ಟೇ.

ನಾಲ್ಕನೆಯ ವರ್ಷ ಕೆರೆ ತುಂಬಿತು. ಏರಿ ಒಂದು ಹನಿಯೂ ಸೋರಲಿಲ್ಲ. ಅದೇ ವಾರ ನೀರಗಂಟಿಯ ಕಣ್ಣ ಮುಂದೆ ಕಪ್ಪು ಎಳೆಗಳು ತೇಲಿದವು. ಜೇಡರ ಬಲೆಯೆಂದು ಅವನು ಕೈಯಿಂದ ಸರಿಸಿದ. ಎಳೆಗಳು ದಟ್ಟವಾದವು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ಕಾಣದಾಯಿತು.

ಡಾಕ್ಟರು ನೋಡಿ ಹೇಳಿದರು. “ಕಣ್ಣೊಳಗಿನ ರಕ್ತನಾಳಗಳು ಸೋರೋಕೆ ಶುರುವಾಗಿ ವರ್ಷಗಳೇ ಆಗಿವೆ. ಆಗಲೇ ಬಂದಿದ್ರೆ ತಡೀಬಹುದಿತ್ತು.”

“ನಂಗೆ ಕಾಣ್ತಿತ್ತಲ್ಲಾ ಸ್ವಾಮಿ!” ಎಂದು ನೀರಗಂಟಿ ಅತ್ತ.

ಈಗಲೂ ಬೇಸಿಗೆ ಬಂದರೆ ಅವನು ಏರಿಯ ಮೇಲೆ ನಡೆಯುತ್ತಾನೆ. ಕೈ ಹಿಡಿದು ನಡೆಸುವವಳು ಆ ಅಜ್ಜಿ.

ಗುರುಗಳು ಕತೆ ಮುಗಿಸಿದರು. ಮರುಳಯ್ಯ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಆದರೂ ಅವನ ಹಟ ಪೂರ್ತಿ ಇಳಿದಿರಲಿಲ್ಲ.

“ಪಾಪ, ಅವನ ಗತಿ ಹಾಗಾಯಿತು. ಆದರೆ ನನಗೆ ಇನ್ನೂ ಚೆನ್ನಾಗಿಯೇ ಕಾಣುತ್ತಿದೆಯಲ್ಲ ಗುರುಗಳೇ?”

“ಹಾಗಾದರೆ ನಿನಗಿನ್ನೂ ಬೇಸಿಗೆ ಇದೆ, ಎದ್ದು ವ್ಯಾನು ಹತ್ತು.”